ಊಟಕ್ಕೆ ಕರೆಯುವ ದನಿ

ನಮ್ಮಪ್ಪ ಪಂಚಾಕ್ಷರಪ್ಪನ ದನಿ ಕೇಳಿದರೆ ಐದು ತಾಲ್ಲೂಕಿನ ಜನಕ್ಕೆ ಹಸಿವಾಗುತ್ತದೆ. ಇದು ಮಗನ ಹೊಗಳಿಕೆಯಲ್ಲ, ಅನುಭವಿಸಿದವರ ಮಾತು. ಮೂವತ್ತು ವರ್ಷದಿಂದ ನಮ್ಮ ಬಳಗದ ಮದುವೆ ಕೂಡ್ಲಿಗಿಯಲ್ಲಾಗಲಿ, ಹಡಗಲಿಯಲ್ಲಾಗಲಿ, ಅಕ್ಕಿಕಾಳು ಬಿದ್ದ ಮರುಗಳಿಗೆಗೆ ಮೈಕು ಅಪ್ಪನ ಕೈಗೆ ಬರುತ್ತದೆ. ಅಪ್ಪ ಒಮ್ಮೆ ಗಂಟಲು ಸರಿ ಮಾಡಿಕೊಂಡು ಶುರು ಮಾಡುತ್ತಾನೆ: “ತಾಯಂದಿರು, ಹಿರೇರು, ಎಲ್ಲಾರೂ ಊಟಕ್ಕ ಏಳ್ರಿ. ಗಡಿಬಿಡಿ ಬ್ಯಾಡ, ನಿಧಾನ ಬರ್ರಿ. ಎಲ್ಲಾರಿಗೂ ಐತಿ. ಯಾರೂ ಹಂಗ ಹೋಗಬ್ಯಾಡ್ರಿ.”

ಅಷ್ಟೇ. ಆದರೆ ಆಗ ತಾನೇ ಉಂಡು ಎಲೆ ಅಡಿಕೆ ಹಾಕಿಕೊಂಡವರೂ ಆ ದನಿಗೆ ಒಮ್ಮೆ ಎದ್ದು ನಿಲ್ಲುತ್ತಾರೆ. ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಅಪ್ಪ ಅದನ್ನೂ ಮೈಕಿನಲ್ಲೇ ಹೇಳುತ್ತಾನೆ. ಒಮ್ಮೆ ಹರಪನಹಳ್ಳಿಯಲ್ಲಿ ಬೀಗರ ಮುಂದೆಯೇ “ಹುಗ್ಗಿ ಚೂರು ತಳ ಹತ್ತೈತಿ, ಮ್ಯಾಲಿಂದು ಚಲೋ ಐತಿ” ಎಂದು ಸಾರಿ, ಹೆಣ್ಣಿನ ತಂದೆಯ ಮುಖವನ್ನೂ ತಳ ಹತ್ತಿಸಿದ್ದ. ಆದರೆ ಅವತ್ತು ಹುಗ್ಗಿ ಒಂದು ಸೌಟೂ ಉಳಿಯಲಿಲ್ಲ. ಜನಕ್ಕೆ ಹುಗ್ಗಿಗಿಂತ ಅಪ್ಪನ ಮಾತಿನ ಮೇಲೆ ನಂಬಿಕೆ.

ನಮ್ಮ ಊರು ಕೊಟ್ಟೂರಿನಿಂದ ಒಂಬತ್ತು ಕಿಲೋಮೀಟರ್. ಆರು ಎಕರೆ ಹೊಲ, ಒಂದು ಬೋರು, ಎರಡು ಎಮ್ಮೆ, ಒಬ್ಬ ಬಿ.ಎ. ಪದವೀಧರ. ಕೊನೆಯದು ನಾನು, ಅಮರೇಶ. ಮೆಕ್ಕೆಜೋಳದ ದುಡ್ಡು ಗೊಬ್ಬರದಂಗಡಿಯ ಮುಂದೆ ಹುಟ್ಟಿ ಗೊಬ್ಬರದಂಗಡಿಯ ಒಳಗೇ ಸೇರುತ್ತದೆ. ಹಾಲಿನ ದುಡ್ಡು ಅವ್ವ ನಾಗಲಿಂಗಮ್ಮನ ಸೆರಗಿನ ಗಂಟಿನಲ್ಲಿದ್ದು ವಾರದ ಸಂತೆ ನಡೆಸುತ್ತದೆ. ಪದವೀಧರನಿಂದ ಹುಟ್ಟುವಳಿ ಇಲ್ಲ. ಕೈಗೆ ನಾಲ್ಕು ಕಾಸು ಕಾಣಿಸುವುದಿದ್ದರೆ ಅದು ಈರುಳ್ಳಿಯಿಂದಲೇ. ಹೋದ ವರ್ಷ ಅದನ್ನು ಲಾರಿಗೆ ಹೇರಿ ದೂರದ ಮಾರುಕಟ್ಟೆಗೆ ಕಳಿಸಿದೆವು. ಬಾಡಿಗೆ, ಹಮಾಲಿ, ಚೀಲದ ದುಡ್ಡು ಎಲ್ಲ ಮುರಿದುಕೊಂಡು ಒಂದು ಲೆಕ್ಕದ ಪಟ್ಟಿ ಬಂತು. ಗಾಯಕ್ಕೆ ಕಟ್ಟುವುದೂ ಪಟ್ಟಿ, ಗಾಯ ಮಾಡಿದ್ದೂ ಪಟ್ಟಿ. ಈರುಳ್ಳಿ ಹೆಚ್ಚಿದರೆ ಕಣ್ಣೀರು ಬರುವುದು ಊರಿಗೆಲ್ಲ ಗೊತ್ತು. ಬೆಲೆ ಹೆಚ್ಚದಿದ್ದರೂ ಬರುತ್ತದೆಂದು ಬೆಳೆದವರಿಗಷ್ಟೇ ಗೊತ್ತು.

ಹಾಗಾಗಿ ಈ ವರ್ಷ ನಾನು ಒಂದು ಮಾತು ತೆಗೆದೆ. ಬಾಡಿಗೆ ಟ್ರ್ಯಾಕ್ಟರು ಬಂದ ಮೇಲೆ ಮನೆಯ ಎತ್ತುಗಳಿಗೆ ಹೆಚ್ಚುಕಡಿಮೆ ನನ್ನಷ್ಟೇ ಕೆಲಸ. ಅವನ್ನು ಮಾರಿ ಒಂದು ಹಳೆಯ ಲಗೇಜ್ ಆಟೋ ತರೋಣ, ನಮ್ಮ ಈರುಳ್ಳಿಯನ್ನು ನಾವೇ ಓಣಿ ಓಣಿಗೆ ಒಯ್ದು ಮಾರೋಣ ಎಂದೆ. ಅಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಎತ್ತುಗಳನ್ನು ತಾನೇ ಹೊಡೆದುಕೊಂಡು ಹೋಗಿ ಮಾರಿ ಬಂದ. ಅವುಗಳ ಗೆಜ್ಜೆಸರ ಮಾತ್ರ ಕೊಡದೆ ತಂದು ಪಡಸಾಲೆಯ ಗೂಟಕ್ಕೆ ತೂಗುಹಾಕಿದ.

“ಒಂದು ಬೆಳಿ ನೋಡ್ತೀನಿ. ದೀಪಾವಳಿ ಅಮಾಸಿ ಒಳಗ ತೊಂಬತ್ತು ಚೀಲ ಖಾಲಿ ಆಗಬೇಕು. ಆಗಲಿಲ್ಲಂದ್ರ ಆಟೋ ಮಾರಿ ಮತ್ತ ಎತ್ತು ತರ್ತೀನಿ. ನೀನು ನಿಮ್ಮ ಮಾವನ ಅಂಗಡಿಗೆ ಹೋಗು” ಎಂದ.

ಮಾವ ಎಂದರೆ ಅವ್ವನ ತಮ್ಮ ಗುರುಬಸವರಾಜ. ಹಗರಿಬೊಮ್ಮನಹಳ್ಳಿಯಲ್ಲಿ ಬಟ್ಟೆ ಅಂಗಡಿ. ಅಲ್ಲಿ ಬೆಳಿಗ್ಗೆ ಮಡಚಿದ ಸೀರೆಗಳನ್ನು ಬಿಚ್ಚಬೇಕು, ಸಂಜೆ ಬಿಚ್ಚಿದ ಸೀರೆಗಳನ್ನು ಮಡಚಬೇಕು. ಮಹಾಭಾರತದಲ್ಲಿ ಇದೇ ಕೆಲಸ ಮಾಡಿದವನ ಗತಿ ಏನಾಯಿತೆಂದು ನಾನು ಓದಿದ್ದೇನೆ. ಹೇಗಾದರೂ ಆಟೋ ಉಳಿಸಿಕೊಳ್ಳಲೇಬೇಕು ಎಂದು ತೀರ್ಮಾನಿಸಿ ವಿಜಯದಶಮಿಯ ಮರುದಿನವೇ ಹೊರಟೆ.

ಈಗ ಓಣಿಯಲ್ಲಿ ಬಾಯಿಬಿಟ್ಟು ಕೂಗುವವರು ಯಾರೂ ಇಲ್ಲ. ಮನೆಯಲ್ಲೇ ಫೋನಿನಲ್ಲಿ ಒಮ್ಮೆ ಕೂಗಿ ಪೆನ್‌ಡ್ರೈವಿಗೆ ಹಾಕಿಕೊಂಡರೆ ಆಟೋದ ಮೈಕು ಅದನ್ನೇ ದಿನವಿಡೀ ಹೇಳುತ್ತದೆ. ದನಿ ಬದಲಿಸುವುದರಲ್ಲಿ ಕಾಲೇಜಿನಲ್ಲಿ ನನಗೆ ಸ್ವಲ್ಪ ಹೆಸರಿತ್ತು. ಪ್ರಿನ್ಸಿಪಾಲರ ದನಿಯಲ್ಲಿ ಒಮ್ಮೆ ರಜೆ ಘೋಷಿಸಿದ್ದೂ ಉಂಟು. ಆ ಧೈರ್ಯದ ಮೇಲೆ ಮೊದಲ ದಿನ ವಾರ್ತೆ ಓದುವವನ ದನಿಯಲ್ಲಿ ಕೂಗಿಸಿದೆ. ಜನ ಬಾಗಿಲಿಗೆ ಬಂದು, ಪೂರ್ತಿ ಕೇಳಿ, ವಾರ್ತೆ ಮುಗಿಯಿತೆಂದು ಒಳಗೆ ಹೋದರು. ಎರಡನೆಯ ದಿನ ಬಸ್ ಕಂಡಕ್ಟರನ ದನಿ ಹಾಕಿದೆ. ಕೂಡ್ಲಿಗಿಯಲ್ಲಿ ಒಬ್ಬ ಅಜ್ಜ ಚೀಲ ಸಮೇತ ಹತ್ತಿ ಕೂತು ಹೊಸಪೇಟೆಗೆ ಟಿಕೇಟು ಕೇಳಿದ. ಮೂರನೆಯ ದಿನ ನನ್ನ ಸ್ವಂತ ದನಿಯಲ್ಲೇ ಕೂಗಿದೆ. ಒಬ್ಬಾಕೆ ಒಡೆದ ಬಕೆಟ್ಟು ತಂದು ಎದುರಿಗಿಟ್ಟು ಇದಕ್ಕೆಷ್ಟು ಕೊಡುತ್ತೀ ಅಂದಳು. ನಾಲ್ಕು ದಿನಕ್ಕೆ ಎರಡು ಚೀಲ ಹೋಯಿತು. ಮಾವನ ಅಂಗಡಿಯ ಸೀರೆಗಳು ಕನಸಿನಲ್ಲಿ ತಾವಾಗಿ ಬಿಚ್ಚಿಕೊಳ್ಳತೊಡಗಿದವು.

ನಾಲ್ಕನೆಯ ದಿನದ ಸಂಜೆ ಅವ್ವ ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ಅಪ್ಪ ಹೊಲದಿಂದ ಇನ್ನೂ ಬಂದಿರಲಿಲ್ಲ. ಸುಮ್ಮನೆ ಬೇಜಾರು ಕಳೆಯಲೆಂದು ಅಪ್ಪನ ಹಾಗೆ ಗಂಟಲು ಸರಿ ಮಾಡಿಕೊಂಡು, ಪಡಸಾಲೆಯಿಂದಲೇ “ತಾಯಂದಿರು, ಊಟಕ್ಕ ಏಳ್ರಿ” ಎಂದೆ. “ಬಂದ್ನಿರೀ, ಒಂದು ಸಿವುಡು ಹಾಕಿ ಬಂದೆ” ಎಂದು ಅವ್ವ ಹಿತ್ತಲಿನಿಂದ ಉತ್ತರ ಕೊಟ್ಟಳು. ಮೂವತ್ತೆರಡು ವರ್ಷ ಸಂಸಾರ ಮಾಡಿದವಳಿಗೇ ಗೊತ್ತಾಗಲಿಲ್ಲವೆಂದರೆ ಕೊಟ್ಟೂರಿನವರಿಗೆ ಎಲ್ಲಿಂದ ಗೊತ್ತಾಗಬೇಕು?

ಅವ್ವನನ್ನು ಒಳಗೆ ಹಾಕಿಕೊಂಡೆ. ಮೊದಲು ಬೈದಳು. ಆಮೇಲೆ ತಾನೇ ಎಮ್ಮೆಯ ಕೊರಳ ಗಂಟೆ ಅಲುಗದಂತೆ ಹಿಡಿದುಕೊಂಡು, ನಾನು ಕೊಟ್ಟಿಗೆಯಲ್ಲಿ ರೆಕಾರ್ಡು ಮಾಡುವಾಗ ಕಾವಲು ನಿಂತಳು. ಒಂದು ಗಂಟಲು ಸರಿ ಮಾಡುವುದು. ಆಮೇಲೆ, “ಅಕ್ಕ ತಂಗೇರು, ತಾಯಂದಿರು, ಉಳ್ಳಾಗಡ್ಡಿಗೆ ಬರ್ರಿ. ನಮ್ಮ ಹೊಲದ್ದು, ಎಲ್ಲಾ ಒಂದೇ ಸೈಜು. ನೂರಕ್ಕ ಐದು ಕೇಜಿ. ಗಡಿಬಿಡಿ ಬ್ಯಾಡ, ಎಲ್ಲಾರಿಗೂ ಐತಿ. ಯಾರೂ ಹಂಗ ಹೋಗಬ್ಯಾಡ್ರಿ.” ಅಪ್ಪನ ದನ ಮಾರಿ ತಂದ ಆಟೋದಲ್ಲಿ ಅಪ್ಪನ ದನಿ ಕೂತಿತು.

ಮರುದಿನ ಕೊಟ್ಟೂರಿನ ಓಣಿಗಳಲ್ಲಿ ನಡೆದದ್ದನ್ನು ನೀವು ನೋಡಬೇಕಿತ್ತು. ಬುಟ್ಟಿ, ಮೊರ, ಪುಟ್ಟಿ, ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಜನ ಬಂದರು. ಒಬ್ಬಾಕೆ ಅಭ್ಯಾಸಬಲದಿಂದ ತಟ್ಟೆಯನ್ನೇ ತಂದಿದ್ದಳು. ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವ ಗಂಗಾಂಬಿಕಾ ಅಪ್ಪನ ಊಟದ ಕರೆಯನ್ನು ಹತ್ತಾರು ಮದುವೆಗಳಲ್ಲಿ ಕೇಳಿದವಳು. ಆಟೋದ ಒಳಗೆ ಇಣುಕಿ ಯಜಮಾನರು ಎಲ್ಲಿ ಎಂದು ಕೇಳಿದಳು. ಹೊಲಕ್ಕೆ ನೀರು ಬಿಡುತ್ತಿದ್ದಾರೆ, ದನಿ ಮಾತ್ರ ಕಳಿಸಿದ್ದಾರೆ ಎಂದೆ. ಅವರು ಹೇಳಿದ ಮೇಲೆ ಮುಗಿಯಿತು ಎಂದು ಒಂದೇ ಸಲಕ್ಕೆ ಎರಡು ಚೀಲ ಇಳಿಸಿಕೊಂಡಳು.

ಎಂಟು ದಿನದಲ್ಲಿ ನಲವತ್ತಾರು ಚೀಲ. ಅಪ್ಪ ಸಂಜೆ ಖಾಲಿ ಚೀಲ ಎಣಿಸಿ, ಗೂಟದ ಗೆಜ್ಜೆಸರ ನೋಡಿ, ಹುಂ ಎನ್ನುತ್ತಿದ್ದ. ಹೇಗೆ ಮಾರಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ನಾನೂ ಅವ್ವನೂ ಗೊತ್ತು ಮಾಡಿಕೊಂಡಿದ್ದ ಸುಳ್ಳು ಹಾಗೇ ಉಳಿಯಿತು.

ಒಂಬತ್ತನೆಯ ದಿನ ಅಪ್ಪ ಕ್ಷೌರಕ್ಕೆಂದು ಕೊಟ್ಟೂರಿಗೆ ಬಸ್ಸಿನಲ್ಲಿ ಬಂದಿದ್ದಾನೆ. ನನಗೆ ಗೊತ್ತಿಲ್ಲ. ಆಮೇಲೆ ಕ್ಷೌರದ ಪಾಲಾಕ್ಷಪ್ಪನೇ ಹೇಳಿದ್ದು ಇದು. ಅಪ್ಪನ ಒಂದು ಕೆನ್ನೆ ಮುಗಿದಿದೆ, ಇನ್ನೊಂದಕ್ಕೆ ನೊರೆ ಹಚ್ಚಿದೆ. ಹೊರಗಿನಿಂದ ಅಪ್ಪನ ದನಿ ಬಂತು. ಪಾಲಾಕ್ಷಪ್ಪ ಕತ್ತಿ ಎತ್ತಿ ಹಿಡಿದು ಅಪ್ಪನನ್ನು ನೋಡಿದ, ಬಾಗಿಲ ಕಡೆ ನೋಡಿದ, ಮತ್ತೆ ಅಪ್ಪನ ಬಾಯಿ ನೋಡಿದ. ಬಾಯಿ ಮುಚ್ಚಿತ್ತು.

“ಯಜಮಾನ್ರ, ಇಲ್ಲೇ ಕುಂತೀರಿ, ಅಲ್ಲೂ ಕೂಗಾಕತ್ತೀರಿ” ಎಂದನಂತೆ.

ಆಟೋದ ಕನ್ನಡಿಯಲ್ಲಿ ನನಗೆ ಕಂಡದ್ದು ಇಷ್ಟು: ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡ, ಅರ್ಧ ಮುಖ ನೊರೆಯಾದ ಒಬ್ಬ ಮನುಷ್ಯ ನಡುರಸ್ತೆಯಲ್ಲಿ ದಾಪುಗಾಲು ಹಾಕುತ್ತ ಬರುತ್ತಿದ್ದಾನೆ. ಹತ್ತಿರ ಬಂದಾಗ ಮೈಕು ಸರಿಯಾಗಿ “ಯಾರೂ ಹಂಗ ಹೋಗಬ್ಯಾಡ್ರಿ” ಎನ್ನುತ್ತಿತ್ತು. ನನಗಂತೂ ಹೋಗಲು ದಾರಿಯೂ ಇರಲಿಲ್ಲ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮೆಲ್ಲಗೆ ಹೇಳಿದ: “ಅದು ಉಣ್ಣಾಕ ಕರಿಯೋ ಬಾಯಿ ಐತಲೇ. ಅದರಾಗ ಮಾರಾಕ ಕರದ್ಯಾ?”

ಮೈಕು ಆರಿಸಿದೆ. ಅಪ್ಪ ಪಕ್ಕದಲ್ಲಿ ಕೂತ. ಇನ್ನೊಂದು ಕೆನ್ನೆಯ ಕ್ಷೌರಕ್ಕೂ ಹಿಂದಿರುಗಲಿಲ್ಲ; ಒಂಬತ್ತು ಕಿಲೋಮೀಟರು ಹಾಗೇ ಬಂದ. ಎಡಗಡೆಯಿಂದ ನೋಡಿದರೆ ಮದುವೆಗೆ ಹೊರಟವನಂತೆ, ಬಲಗಡೆಯಿಂದ ನೋಡಿದರೆ ಮಠಕ್ಕೆ ಸೇರಿದವನಂತೆ ಕಾಣುತ್ತಿದ್ದ. ನಗು ಬಂತು, ನಗಲು ಧೈರ್ಯ ಬರಲಿಲ್ಲ. ಅಮಾವಾಸ್ಯೆಗೆ ಏಳು ದಿನ, ನಲವತ್ತೆರಡು ಚೀಲ ಬಾಕಿ. ನಾಳೆ ಆಟೋಗೆ ಗಿರಾಕಿ ಹುಡುಕುತ್ತಾನೆಂದೇ ನಾನು ತಿಳಿದೆ.

ಮನೆಯಲ್ಲಿ ಅಪ್ಪ ಗೂಟದಿಂದ ಗೆಜ್ಜೆಸರ ತೆಗೆದು ಒರೆಸುತ್ತ ಕೂತ. ಎತ್ತು ತರುವ ತಯಾರಿ. ಅವ್ವ ಮಜ್ಜಿಗೆ ತಂದಿಟ್ಟಳು, ಹೋಗಲಿಲ್ಲ, ಅಲ್ಲೇ ನಿಂತಳು.

“ಮೂವತ್ತು ವರ್ಷ ಮಂದಿ ಮನಿ ಊಟಕ್ಕ ಕೂಗೀರಿ. ನಮ್ಮ ಮನಿ ಊಟಕ್ಕ ಒಂದು ಸಲ ಕೂಗಿದರ ಬಾಯಿ ಸವೀತದೇನು?”

ಅಪ್ಪ ಗೆಜ್ಜೆ ಒರೆಸುವುದನ್ನು ನಿಲ್ಲಿಸಿದ. ಮಜ್ಜಿಗೆ ಕುಡಿದು ಮುಗಿಸಿ, ಆ ಕೂಗನ್ನು ಇಲ್ಲೇ ಒಮ್ಮೆ ಹಚ್ಚು ಎಂದ. ಹಚ್ಚಿದೆ. ಇನ್ನೊಮ್ಮೆ ಹಚ್ಚಿಸಿದ. ಮೂರನೆಯ ಸಲ ಕಣ್ಣು ಮುಚ್ಚಿ ಕೇಳಿದ. ಆಮೇಲೆ ತಪ್ಪು ಹಿಡಿಯಲು ಶುರುವಾಯಿತು. ತಾನು ಅಕ್ಕ ತಂಗೇರು ಅನ್ನುವುದಿಲ್ಲ, ತಾಯಂದಿರು ಅಂದರೆ ಅದರಲ್ಲೇ ಎಲ್ಲರೂ ಬಂದರು. ಐತಿ ಅನ್ನುವುದನ್ನು ಅಷ್ಟು ಎಳೆಯುವುದಿಲ್ಲ. ಮತ್ತೆ ಆ ಗಂಟಲು ಸರಿ ಮಾಡುವುದು ಏನು ಅದು, ತಾನು ಹುಟ್ಟಿದಾಗಿನಿಂದ ಹಾಗೆ ಕೆಮ್ಮಿದ್ದೇ ಇಲ್ಲ. ಇಷ್ಟು ಹೇಳಿ ಅಪ್ಪ ಥೇಟು ಹಾಗೇ ಗಂಟಲು ಸರಿ ಮಾಡಿಕೊಂಡ. ಅವ್ವ ಸೆರಗು ಬಾಯಿಗೆ ಹಿಡಿದುಕೊಂಡು ಹಿತ್ತಲಿಗೆ ಓಡಿದಳು.

“ಎಲ್ಲಾದಕ್ಕಿಂತ ಹೆಚ್ಚಿಂದು, ಇದರಾಗ ಸುಳ್ಳೈತಿ. ಒಂದೇ ಸೈಜು ಎಲ್ಲೈತಿ? ತಳದ ಚೀಲದಾಗ ಗೋಲಿಯಂಥವು ಅದಾವು. ನನ್ನ ದನಿ ತಗಂಡೀ, ತಗ. ನನ್ನ ದನ್ಯಾಗ ಸುಳ್ಳು ತುಂಬಬ್ಯಾಡ” ಎಂದು ಗೆಜ್ಜೆಸರವನ್ನು ಗೂಟಕ್ಕೆ ಹಾಕಿದ. ನಕಲಿ ತೆಗೆದು ಹಾಕು, ಕೂಗುವುದಿದ್ದರೆ ನಾನೇ ಕೂಗುತ್ತೇನೆ ಎಂದ.

ಅಪ್ಪ ಸ್ನಾನ ಮಾಡಿ, ಉಳಿದ ಅರ್ಧ ಗಡ್ಡ ತಾನೇ ತೆಗೆದು, ವಿಭೂತಿ ಹಚ್ಚಿಕೊಂಡು ಫೋನಿನ ಮುಂದೆ ಕೂತ. ಎದುರಿಗೆ ಜನವಿಲ್ಲ, ಎಲೆಯಿಲ್ಲ, ಅನ್ನದ ವಾಸನೆಯಿಲ್ಲ. ಅಂಗೈಯಗಲದ ಫೋನಿಗೆ ಅಪ್ಪ ಹೆದರಿದ. ಕೊನೆಗೆ ಬಂದದ್ದು ಹೀಗೆ: ಸಮಸ್ತ ನಾಗರಿಕ ಬಾಂಧವರಲ್ಲಿ ವಿನಂತಿ, ಈರುಳ್ಳಿಯು ಲಭ್ಯವಿರುತ್ತದೆ, ಕೆಲವು ಗಡ್ಡೆಗಳು ಸಣ್ಣವಿರುತ್ತವೆ, ತಮಗೆ ತಿಳಿದಿರಲಿ. ಅಪ್ಪ ನಾಲ್ಕನೇ ಕ್ಲಾಸಿನಲ್ಲಿ ಓದಿದ ಪುಸ್ತಕದ ಕನ್ನಡವೆಲ್ಲ ಅದರೊಳಗೆ ಹೊರಬಂತು. ಗಂಟಲು ಸರಿ ಮಾಡಿಕೊಳ್ಳಲೇ ಇಲ್ಲ.

ಮರುದಿನ ಅದನ್ನೇ ಹಚ್ಚಿಕೊಂಡು ಕೊಟ್ಟೂರು ಸುತ್ತಿದೆ. ಬಾಗಿಲು ತೆರೆದವರು ತೆರೆದಷ್ಟೇ ಬೇಗ ಮುಚ್ಚಿದರು. ಮನೆ ಕಂದಾಯ ವಸೂಲಿಗೆ ಬಂದಿದ್ದಾರೆಂದು ಒಂದು ಓಣಿಯಲ್ಲಿ ಗುಲ್ಲೆದ್ದು ಯಾರೂ ಮನೆಯಲ್ಲಿಲ್ಲದ ಹಾಗಾಯಿತು. ಮಧ್ಯಾಹ್ನ ಗಂಗಾಂಬಿಕಾ ಖಾನಾವಳಿಯ ಮುಂದೆ ಆಟೋ ತಡೆದಳು. ಪಂಚಾಕ್ಷರಪ್ಪನವರ ದನಿಯನ್ನು ಯಾರೋ ನಕಲು ಮಾಡುತ್ತಿದ್ದಾರೆ, ಅದೂ ಸರಿಯಾಗಿ ಬಂದಿಲ್ಲ, ನಿನ್ನೆ ಮೊನ್ನೆಯ ಅಸಲಿ ದನಿ ಹಾಕು ಎಂದಳು. ನಾನು ಇದೇ ಅಸಲಿ ಎಂದೆ. ದೇವರಾಣೆ ಮಾಡಿದೆ. ನಂಬಲಿಲ್ಲ. ಅವತ್ತು ಹೋದದ್ದು ಒಂದು ಚೀಲ.

ಸಂಜೆ ಇದನ್ನು ಅಪ್ಪನಿಗೆ ಹೇಳಿದಾಗ ಅವನ ಮುಖ ನೋಡಲಾಗಲಿಲ್ಲ. ಅಸಲಿಯನ್ನು ನಕಲಿ ಅಂದರು, ನಕಲಿಯನ್ನು ಅಸಲಿ ಅಂದರು. ತುತ್ತು ಎತ್ತಿದವನು ಎತ್ತಿದ ಹಾಗೇ ಕೂತ.

“ನನ್ನ ದನಿ ನಂದಲ್ಲಂದ್ಲಾ ಆಕಿ?”

“ಸರಿಯಾಗಿ ಬಂದಿಲ್ಲ ಅಂದ್ಲು, ಅಪ್ಪಾ.”

“ನಾಳೆ ನಾನೂ ಬರ್ತೀನಿ” ಎಂದ.

ಬೆಳಿಗ್ಗೆ ಮದುವೆಗೆ ಹೋಗುವ ಧೋತರ, ಶಲ್ಯ ಹಾಕಿಕೊಂಡು ಆಟೋದ ಮುಂದಿನ ಸೀಟಿನಲ್ಲಿ ಕೂತ. ಕೈಯಲ್ಲಿ ಮೈಕು. ಕೊಟ್ಟೂರು ಮುಟ್ಟುವವರೆಗೆ ಅದನ್ನು ಎಳೆಗೂಸಿನಂತೆ ಹಿಡಿದುಕೊಂಡಿದ್ದ. ಖಾನಾವಳಿಯ ಮುಂದೆ ನಿಲ್ಲಿಸಿದೆ. ಗಂಗಾಂಬಿಕಾ ಹೊರಗೆ ಬಂದಳು. ಅವಳ ಹಿಂದೆ ಸೌಟು ಹಿಡಿದ ಅಡಿಗೆಯವರು. ಅಕ್ಕಪಕ್ಕದ ಮನೆಯ ಹೆಂಗಸರೂ ಕೂಡಿದರು. ಅಪ್ಪ ಮೈಕು ಬಾಯಿಗೆ ಹಿಡಿದ. ಮಾತು ಹೊರಡಲಿಲ್ಲ. ಮಾರುವವನಾಗಿ ನಿಂತದ್ದು ಜನ್ಮದಲ್ಲಿ ಅದೇ ಮೊದಲು.

“ಯಜಮಾನ್ರ, ನೀವು ಅಸಲಿ ಹೌದಾದ್ರ ಕೂಗಿ ತೋರಿಸ್ರಿ” ಎಂದಳು ಗಂಗಾಂಬಿಕಾ. ನಾಲ್ಕು ಜನ ನಕ್ಕರು. ಅಪ್ಪನ ಕಿವಿ ಕೆಂಪಾಯಿತು. ನಾನು ಮನಸ್ಸಿನಲ್ಲೇ ಸೀರೆ ಮಡಚತೊಡಗಿದೆ.

ಅಷ್ಟರಲ್ಲಿ ಹೆಂಗಸರೆಲ್ಲ ಆಟೋಗೆ ಮುತ್ತಿಕೊಂಡರು. ಎಲ್ಲರಿಗಿಂತ ಹಿಂದೆ ಒಬ್ಬ ಮುದುಕಿ ಖಾಲಿ ಕೈಚೀಲ ಹಿಡಿದು, ನುಗ್ಗಲಾಗದೆ, ಇನ್ನೇನು ತಿರುಗಿ ಹೊರಟಿದ್ದಳು. ಮೂವತ್ತು ವರ್ಷ ಪಂಕ್ತಿಯ ಕೊನೆಯ ಎಲೆ ನೋಡಿ ಅಭ್ಯಾಸವಾದ ಕಣ್ಣು. ಅಪ್ಪ ಸೀಟಿನಿಂದ ಎದ್ದ. ಗಂಟಲು ಸರಿ ಮಾಡಿಕೊಂಡ.

“ಯಮ್ಮಾ, ಹಂಗ ಹೋಗಬ್ಯಾಡ, ಎಲ್ಲಾರಿಗೂ ಐತಿ. ತಾಯಂದಿರು ಚೂರು ಸರೀರಿ, ಗಡಿಬಿಡಿ ಬ್ಯಾಡ. ಅಮರೇಶ, ಆ ಹಿಂದಿನ ಸಾಲಿನ ಅಮ್ಮಗ ಮೊದ್ಲು ಬಡಸು.”

ತೂಗು ಎನ್ನಲಿಲ್ಲ, ಬಡಸು ಎಂದ. ಹೆಂಗಸರು ತಾವಾಗಿ ಸಾಲು ಹಿಡಿದರು. ಇಷ್ಟು ದಿನ ಯಾರ ಮಾತಿಗೂ ಆಗದ ಸಾಲು ಅದು. ನಾನು ಮುದುಕಿಯ ಚೀಲ ತುಂಬಿಸಿದೆ. ಗಂಗಾಂಬಿಕಾ ಸೊಂಟದ ಮೇಲೆ ಕೈ ಇಟ್ಟುಕೊಂಡು, ಇದು, ಇದು ಅಸಲಿ ಎಂದು ಪಕ್ಕದವಳಿಗೆ ಹೇಳುತ್ತಿದ್ದಳು.

ಆಮೇಲೆ ಅಪ್ಪನನ್ನು ನಿಲ್ಲಿಸುವುದೇ ಕಷ್ಟವಾಯಿತು. ಪ್ರತಿ ಚೀಲ ಬಿಚ್ಚುವಾಗಲೂ ಅದರ ಜಾತಕ ಮೈಕಿನಲ್ಲಿ ಬರುತ್ತಿತ್ತು. ಇದು ಗಟ್ಟಿ ಗಡ್ಡೆ, ತಿಂಗಳು ಇಟ್ಟರೂ ಕೆಡುವುದಿಲ್ಲ. ಇದರಲ್ಲಿ ಸಣ್ಣವು ಹೆಚ್ಚು, ಒಗ್ಗರಣೆಗೆ ಸಾಕು, ಅರ್ಧ ರೇಟಿಗೆ ಒಯ್ಯಿರಿ. ಈ ಚೀಲಕ್ಕೆ ಸ್ವಲ್ಪ ನೀರು ತಾಗಿದೆ, ಇವತ್ತೇ ಅಡಿಗೆ ಮಾಡುವವರು ಮಾತ್ರ ಬನ್ನಿ. ವ್ಯಾಪಾರ ಕೆಡಿಸಿದನಲ್ಲಪ್ಪ ಎಂದು ನನ್ನ ಬಿ.ಎ. ನನ್ನೊಳಗೇ ಅತ್ತಿತು. ಆದರೆ ನೀರು ತಾಗಿದ ಚೀಲವೇ ಎಲ್ಲಕ್ಕಿಂತ ಮೊದಲು ಹೋಯಿತು. ಗಂಗಾಂಬಿಕಾ ಮಧ್ಯಾಹ್ನದ ಪಲ್ಯಕ್ಕೆಂದು ಪೂರಾ ಎತ್ತಿಕೊಂಡಳು. ತಕ್ಕಡಿ ಮುಟ್ಟಿದಾಗಲೆಲ್ಲ ಅಪ್ಪ ಮೇಲೊಂದು ಗಡ್ಡೆ ಹಾಕಿಸುತ್ತಿದ್ದ. ಎಲೆಗೆ ಒಂದೇ ಸೌಟು ಬಡಿಸಬಾರದಂತೆ.

ಹಗರಿಬೊಮ್ಮನಹಳ್ಳಿಗೂ ಹೋದೆವು. ಮಾವನ ಬಟ್ಟೆ ಅಂಗಡಿಯ ಮುಂದೆಯೇ ಆಟೋ ನಿಲ್ಲಿಸಿ ಅಪ್ಪ ಕೂಗಿದ. ಸೀರೆ ಆರಿಸುತ್ತಿದ್ದ ಹೆಂಗಸರು ಸೀರೆ ಅಲ್ಲೇ ಬಿಟ್ಟು ಈರುಳ್ಳಿಗೆ ಬಂದರು. ಬಿಚ್ಚಿದ ಸೀರೆಗಳ ರಾಶಿಯ ನಡುವೆ ಮಾವ ಒಬ್ಬನೇ ಕೂತು ಮಡಚುತ್ತಿರುವುದನ್ನು ನಾನು ಆಟೋದಿಂದಲೇ ಕಣ್ಣು ತುಂಬ ನೋಡಿದೆ.

ಅಮಾವಾಸ್ಯೆಯ ಹಿಂದಿನ ದಿನ ಕೂಡ್ಲಿಗಿಯಲ್ಲಿ ಕೊನೆಯ ಚೀಲ ಖಾಲಿಯಾಯಿತು. ಅಪ್ಪ ಅದನ್ನು ಕೊಡವಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಊರಿನವರೆಗೂ ತಂದ. ಮರುದಿನ ಅವ್ವ ಆಟೋ ತೊಳೆದು ಚೆಂಡುಹೂ ಕಟ್ಟಿದಳು. ಅಪ್ಪ ಮುಂದಿನ ಗಾಜಿಗೆ ವಿಭೂತಿಯ ಮೂರು ಎಳೆ ಎಳೆದು, ಮೈಕಿಗೂ ಎಳೆದು, ಒಳಗೆ ಹೋದ. ಬರುವಾಗ ಕೈಯಲ್ಲಿ ಎರಡೂ ಗೆಜ್ಜೆಸರ. ಒಂದನ್ನು ಆಟೋದ ಎಡಗನ್ನಡಿಗೆ, ಇನ್ನೊಂದನ್ನು ಬಲಗನ್ನಡಿಗೆ ಕಟ್ಟಿದ. ಎಡದ್ದನ್ನು ಕಟ್ಟುವಾಗ ಎಡ ಎತ್ತಿನ ಹೆಸರನ್ನು ಮೆಲ್ಲಗೆ ಹೇಳಿದ. ನಾನು ಕೇಳಿಸದವನಂತೆ ಟೈರಿನ ಗಾಳಿ ನೋಡಿದೆ.

ಈಗ ಪಕ್ಕದ ಹೊಲದ ಬೊಮ್ಮಪ್ಪನ ಈರುಳ್ಳಿಯನ್ನೂ ನಾವೇ ಹೇರಿಕೊಂಡು ಹೋಗುತ್ತೇವೆ. ಅಪ್ಪನ ಷರತ್ತು ಒಂದೇ: ಬೊಮ್ಮಪ್ಪನದು ಎಂದು ಮೈಕಿನಲ್ಲಿ ಹೇಳಿಯೇ ಮಾರಬೇಕು.

ಕಾರ್ತೀಕದಲ್ಲಿ ಹಡಗಲಿಯಲ್ಲಿ ಬಳಗದ ಮದುವೆ ಬಂತು. ಗೆಜ್ಜೆ ಕಟ್ಟಿದ ಆಟೋದಲ್ಲೇ ಹೋದೆವು. ಹಿಂದೆ ಬೊಮ್ಮಪ್ಪನ ಎಂಟು ಚೀಲವಿತ್ತು. ಅಕ್ಕಿಕಾಳು ಬಿತ್ತು, ಮೈಕು ಅಪ್ಪನ ಕೈಗೆ ಬಂತು. ಅಪ್ಪ ಗಂಟಲು ಸರಿ ಮಾಡಿಕೊಂಡು ತಾಯಂದಿರು ಎಂದನೋ ಇಲ್ಲವೋ, ಚಪ್ಪರದ ಮೂಲೆಯಿಂದ ಕೊಟ್ಟೂರಿನ ಕಡೆಯವಳೊಬ್ಬಳು ಎದ್ದು ನಿಂತು ಇವತ್ತು ನೂರಕ್ಕೆ ಎಷ್ಟು ಕೇಜಿ ಎಂದು ಕೇಳಿಬಿಟ್ಟಳು. ಚಪ್ಪರದ ಮಂದಿಯೆಲ್ಲ ಅಪ್ಪನ ಕಡೆ ತಿರುಗಿದರು. ಅವ್ವ ನನ್ನ ತೋಳು ಹಿಡಿದುಕೊಂಡಳು.

ಅಪ್ಪ ಮೈಕು ಬಾಯಿಯಿಂದ ಸರಿಸಲಿಲ್ಲ.

“ಆಟೋ ಹೊರಗ ಐತಿ, ಯವ್ವಾ” ಎಂದ. “ಮೊದ್ಲು ಉಣ್ರಿ.”